ಫ್ರೈ ಎಂದರೆ ಹುರಿಯುವುದೋ, ಕರಿಯುವುದೋ?

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿ ಈಗ ಹೋಟೆಲ್ ಮ್ಯಾನೇಜ್‌ಮೆಂಟ್ ಸೇರಿದ್ದೇನೆ. ಫ್ರೈ, ರೋಸ್ಟ್ ಎರಡಕ್ಕೂ ‘ಹುರಿ’, ಬಾಯಿಲ್, ಸಿಮರ್ ಎರಡಕ್ಕೂ ‘ಕುದಿಸು’ ಎಂದೇ ಬರೆದುಕೊಂಡಿದ್ದೇನೆ. ಗ್ರಿಲ್, ಬ್ರಾಯಿಲ್ ಅರ್ಥವೇ ಆಗುತ್ತಿಲ್ಲ. ವ್ಯತ್ಯಾಸ ಹೇಗೆ ತಿಳಿಯಲಿ?

ಉತ್ತರ: ಒಂದು ಪದಕ್ಕೆ ಒಂದು ಪದ ಹುಡುಕುವುದನ್ನು ಬಿಡಿ. ಪದಾರ್ಥಕ್ಕೆ ಕಾವು ತಲುಪುವುದು ನೀರಿನಿಂದಲೋ, ಎಣ್ಣೆಯಿಂದಲೋ, ಒಣ ಶಾಖದಿಂದಲೋ ಎಂದು ಕೇಳಿಕೊಳ್ಳಿ.

ಹೆಚ್ಚು ತೊಡಕಿರುವುದು ಫ್ರೈಯಲ್ಲಿ. ಫ್ರೈ ಎಂದರೆ ಎಣ್ಣೆಯೋ ಬೆಣ್ಣೆಯೋ ಇರಲೇಬೇಕು. ಸಾರಿನ ಪುಡಿಗೆ ಕೊತ್ತಂಬರಿ ಬೀಜವನ್ನು ಬರೀ ಬಾಣಲೆಯಲ್ಲಿ ಹುರಿಯುತ್ತೇವಲ್ಲ, ಅದನ್ನು ಫ್ರೈ ಎಂದು ಬರೆದರೆ ಓದಿದವರು ಎಣ್ಣೆ ಸುರಿಯುತ್ತಾರೆ. ಅದು ಡ್ರೈ ರೋಸ್ಟ್. ಕಾಫಿ ಬೀಜಕ್ಕೂ ಕಡಲೆಕಾಯಿಗೂ ರೋಸ್ಟ್ ಎಂಬುದೇ ಸರಿ. ಬೋಂಡ, ಪೂರಿ ಕರಿಯುವುದು ಡೀಪ್ ಫ್ರೈ. ಕಾವಲಿಯ ಮೇಲೆ ತುಸು ಎಣ್ಣೆ ಬಿಟ್ಟು ಮೀನು ಬೇಯಿಸುವುದು ಶ್ಯಾಲೋ ಫ್ರೈ. ಸಣ್ಣ ಹೋಳುಗಳನ್ನು ಸ್ವಲ್ಪವೇ ಎಣ್ಣೆಯಲ್ಲಿ, ಜೋರು ಉರಿಯಲ್ಲಿ, ಕೈ ಬಿಡದೆ ಆಡಿಸಿದರೆ ಸೊಟೇ. ನಮ್ಮ ಅನುವಾದಗಳು ಇದನ್ನು ‘ಬಾಡಿಸು’ ಎನ್ನುತ್ತವೆ, ನನಗೆ ಒಪ್ಪಿಗೆಯಿಲ್ಲ. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಕೆಂಪಾಗದಂತೆ ಮೆತ್ತಗಾಗಿಸುವುದೇ ಬಾಡಿಸುವುದು. ಅದಕ್ಕೆ ಅಡುಗೆ ಶಾಲೆಗಳ ಪದ ಸ್ವೆಟ್.

ನೀರಿನ ಪದಗಳನ್ನು ಗುಳ್ಳೆ ನೋಡಿ ಗುರುತಿಸಿ. ಕೊತಕೊತ ಕುದಿದರೆ ಬಾಯಿಲ್. ಸಣ್ಣ ಗುಳ್ಳೆಗಳು ಮೆಲ್ಲನೆ ಏಳುತ್ತಿದ್ದರೆ ಸಿಮರ್, ಸುಮಾರು 85ರಿಂದ 95 ಡಿಗ್ರಿ ಸೆಲ್ಸಿಯಸ್. ಅದಕ್ಕೂ ಕಡಿಮೆ ಬಿಸಿಯಲ್ಲಿ, ಗುಳ್ಳೆ ಹೆಚ್ಚುಕಡಿಮೆ ಏಳದ ನೀರಿಗೆ ಮೊಟ್ಟೆ ಒಡೆದು ಬಿಟ್ಟರೆ ಪೋಚ್. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಎತ್ತರದ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಆದ್ದರಿಂದ ಅಂಕಿಗಿಂತ ಕಣ್ಣನ್ನೇ ನಂಬಿ.

ಇನ್ನು ಒಣ ಶಾಖ. ಮೇಲೆ ಹೇಳಿದ ಬೀಜಗಳ ರೋಸ್ಟ್ ಬಿಟ್ಟರೆ, ಬೇಕ್, ರೋಸ್ಟ್ ಎರಡೂ ಓವನ್ನಿನ ಕೆಲಸ. ಬ್ರೆಡ್, ಕೇಕ್ ಬೇಕ್ ಆಗುತ್ತವೆ. ಮಾಂಸ, ತರಕಾರಿ ಸಾಮಾನ್ಯವಾಗಿ ರೋಸ್ಟ್. ಆದರೆ ಸಿಪ್ಪೆಸಹಿತ ಇಡೀ ಆಲೂಗಡ್ಡೆ ಬೇಕ್, ಹೆಚ್ಚಿ ಎಣ್ಣೆ ಸವರಿದರೆ ರೋಸ್ಟ್. ಇದು ಬಳಕೆ, ಬಾಯಿಪಾಠವೇ ದಾರಿ.

ಗ್ರಿಲ್ ವಿಷಯದಲ್ಲಿ ಪುಸ್ತಕ ಯಾವ ದೇಶದ್ದೆಂದು ಮೊದಲು ನೋಡಿ. ಓವನ್ನಿನಲ್ಲಿ ಮೇಲಿನಿಂದ ಕಾವು ಬೀಳುವುದನ್ನು ಬ್ರಿಟನ್ನಿನವರು ಗ್ರಿಲ್ ಎಂದರೆ ಅಮೆರಿಕದವರು ಬ್ರಾಯಿಲ್ ಎನ್ನುತ್ತಾರೆ. ಅಮೆರಿಕದ ಗ್ರಿಲ್ಲಿಗೆ ಬೆಂಕಿ ಕೆಳಗಿರುತ್ತದೆ. ಚೀಸ್ ಹಾಕಿದ ಬ್ರೆಡ್ಡನ್ನು ಗ್ರಿಲ್ ಮಾಡಿ ಎಂದು ಬ್ರಿಟಿಷ್ ಪುಸ್ತಕ ಹೇಳಿದಾಗ ಕೆಂಡದ ಮೇಲಿಟ್ಟರೆ, ಚೀಸ್ ಕರಗುವ ಮೊದಲೇ ಬ್ರೆಡ್ಡಿನ ತಳ ಸೀದುಹೋಗುತ್ತದೆ.