ಅಟ್ಟದ ಪೆಟ್ಟಿಗೆಯ ಗಂಟು ಬಿಚ್ಚುವ ಮೊದಲು

ಕುಂದಾಪುರ ಹತ್ತಿರದ ಹಳೇ ಮನೆ ಕೆಡವುತ್ತಿದ್ದೇವೆ, ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕಾಗದ, ಫೋಟೋ, ಊರ ಭಜನಾ ಮಂಡಳಿಯ ಲೆಕ್ಕದ ಪುಸ್ತಕ ಸಿಕ್ಕಿವೆ, ಇವನ್ನು ಎಲ್ಲಿಗಾದರೂ ಕೊಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಕೊಡಬಹುದು. ಆದರೆ ಏನನ್ನೂ ವಿಂಗಡಿಸಬೇಡಿ. ಯಾವುದು ಯಾವುದರ ಜೊತೆ ಇದೆಯೋ ಹಾಗೇ ಇರಲಿ. ಮೊದಲು ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಯಾಕೆ ಹೇಳ್ತೇನೆ ಅಂದರೆ, ನಾನು ಹಾಗೆ ಮಾಡಲಿಲ್ಲ. ನಮ್ಮದು ಕಾರ್ಕಳ ಕಡೆಯ ಮನೆ. ಅಜ್ಜಿ ತೀರಿಕೊಂಡ ಮೇಲೆ ಅವರ ಪೆಟ್ಟಿಗೆ ನನ್ನ ಕೈಗೆ ಬಂತು. ಒಳಗೆ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ ಒಂದು ಗಂಟು. ಗೇಣಿ ಕೊಟ್ಟ ರಶೀದಿಗಳು, ಭೂ ನ್ಯಾಯಮಂಡಳಿಯ ನೋಟೀಸುಗಳು, ಕಟ್ಟಿದ ಬೀಡಿಯ ಲೆಕ್ಕ ಬರೆಯುವ ಪಾಸ್‌ಬುಕ್ಕು, ಒಂದಷ್ಟು ಬಸ್ ಟಿಕೆಟು. ನಾನು ರಶೀದಿಗಳನ್ನು ಒಂದು ಫೈಲಿಗೆ, ನೋಟೀಸುಗಳನ್ನು ಇನ್ನೊಂದಕ್ಕೆ ಹಾಕಿದೆ. ಪಾಸ್‌ಬುಕ್ಕು ಬೇರೆ ಕಡೆ ಇಟ್ಟೆ. ಟಿಕೆಟು ಎಸೆದೆ.

ಆರು ತಿಂಗಳಾದ ಮೇಲೆ ದೊಡ್ಡಮ್ಮ ಬಂದರು. ಫೈಲು ನೋಡಿ, "ಟಿಕೆಟ್ ಎಲ್ಲಿ ಮಗಾ?" ಅಂತ ಕೇಳಿದರು. ಆಮೇಲೆ ವಿಷಯ ಗೊತ್ತಾಯಿತು. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ನಮ್ಮವರೂ ಡಿಕ್ಲರೇಶನ್, ಅಂದರೆ ಗೇಣಿಗೆ ಉಳುತ್ತಿದ್ದ ಗದ್ದೆ ನಮ್ಮ ಹೆಸರಿಗೆ ಮಾಡಿಕೊಡಿ ಅಂತ ಭೂ ನ್ಯಾಯಮಂಡಳಿಗೆ ಅರ್ಜಿ, ಹಾಕಿದ್ದರು. ಪ್ರತಿ ವಿಚಾರಣೆಗೂ ಅಜ್ಜಿಯೇ ಬಸ್ಸು ಹತ್ತಿ ಹೋಗುತ್ತಿದ್ದರಂತೆ. ಖರ್ಚಿಗೆ ಬೀಡಿಯ ದುಡ್ಡು. ನೋಟೀಸಿನ ತಾರೀಕು ಮತ್ತು ಪಾಸ್‌ಬುಕ್ಕನ್ನು ಪಕ್ಕಪಕ್ಕ ಇಟ್ಟು ನೋಡಿದೆ. ವಿಚಾರಣೆಯ ಹಿಂದಿನ ವಾರ ಬೀಡಿ ಜಾಸ್ತಿ, ವಿಚಾರಣೆಯ ವಾರ ಕಡಿಮೆ. ಗದ್ದೆ ನಮ್ಮದಾದ ಕಥೆ ಪೂರ್ತಿ ಆ ಒಂದೇ ಗಂಟಿನಲ್ಲಿತ್ತು. ಅಜ್ಜಿ ಬೇಕಂತಲೇ ಒಟ್ಟಿಗೆ ಕಟ್ಟಿಟ್ಟಿದ್ದರು. ನಾನು ಬಿಡಿಸಿ ಹಾಕಿದೆ. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ಹಾಗಾಗಿ ಪೆಟ್ಟಿಗೆ ತೆರೆದ ಕೂಡಲೇ, ಮುಟ್ಟುವ ಮೊದಲೇ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಪ್ರತಿ ಗಂಟಿಗೂ ಒಂದು ನಂಬರ್ ಕೊಡಿ. ಹಿರಿಯರು ಹೇಳುವುದನ್ನು ರೆಕಾರ್ಡ್ ಮಾಡಿ. ತುಳುವೋ, ಕುಂದಗನ್ನಡವೋ, ಅವರ ಮಾತಿನಲ್ಲೇ ಇರಲಿ. ಫೋಟೋದ ಹಿಂದೆ ಹೆಸರು ಬರೆಯುವುದಿದ್ದರೆ ಮೆತ್ತಗಿನ ಪೆನ್ಸಿಲ್ಲಿನಲ್ಲಿ ಹಗುರವಾಗಿ ಬರೆಯಿರಿ, ಬಾಲ್‌ಪೆನ್ ಬೇಡ.

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ನಮ್ಮ ಕರಾವಳಿಯ ಪಸೆಗೆ ಕಾಗದ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಎಳೆದರೆ ಹರಿಯುತ್ತದೆ. ದೀಪಾವಳಿ ಕಳೆದ ಮೇಲೆ ಒಳ್ಳೆಯದು. ಆಗಲೂ ಬಿಸಿಲಿಗೆ ಹಾಕದೆ, ಗಾಳಿಯಾಡುವ ನೆರಳಿನಲ್ಲಿ ಹರಡಿ. ಗುಂಡುಪಿನ್ನು ತುಕ್ಕು ಹಿಡಿದಿದ್ದರೆ ಮೆಲ್ಲಗೆ ತೆಗೆಯಿರಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಗೋಂದು ಹಳದಿ ಕಲೆಯಾಗಿ ಉಳಿಯುತ್ತದೆ. ಲ್ಯಾಮಿನೇಶನ್ ಅಂತೂ ಮಾಡಿಸಲೇಬೇಡಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಸ್ಕ್ಯಾನ್ ಮಾಡಿಸುವಾಗ ಕಾಗದಕ್ಕೆ 300 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ), ಫೋಟೋಕ್ಕೆ 600 ಇರಲಿ.

ಕೊಡುವುದೆಲ್ಲಿಗೆ? ಉಡುಪಿ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಮೊದಲು ವಿಚಾರಿಸಿ, ನಿಮಗೆ ಅದು ಹತ್ತಿರ. ಕಾಗದದ ಜೊತೆ ಭತ್ತ, ಅಕ್ಕಿ ಅಳೆಯುವ ಕಳಸೆ, ಸೇರಿನಂಥ ಮನೆಬಳಕೆಯ ಸಾಮಾನೂ ಇದ್ದರೆ ಬಂಟ್ವಾಳದ ಬಿ.ಸಿ. ರೋಡಿನ ತುಳು ಬದುಕು ವಸ್ತುಸಂಗ್ರಹಾಲಯವನ್ನು ಒಮ್ಮೆ ನೋಡಿ ಬನ್ನಿ. ಎಲ್ಲಿ ಕೊಟ್ಟರೂ ಬರವಣಿಗೆಯಲ್ಲಿ ಒಪ್ಪಂದ ಇರಲಿ. ದಾನವಾ, ಬರೀ ಇಟ್ಟುಕೊಳ್ಳಲು ಕೊಟ್ಟದ್ದಾ? ಯಾರು ನೋಡಬಹುದು? ಸ್ಕ್ಯಾನ್ ಪ್ರತಿ ನಿಮಗೆ ಸಿಗುತ್ತದಾ? ಜಾತಕ, ಸಾಲದ ಪತ್ರ, ಪಾಲುಪಟ್ಟಿ ಜಗಳದ ಕಾಗದಗಳನ್ನು ಇಂತಿಷ್ಟು ವರ್ಷ ಯಾರಿಗೂ ತೋರಿಸಬಾರದು ಅಂತ ಷರತ್ತು ಹಾಕಬಹುದು. ಜಾಗದ ಮೂಲ ದಾಖಲೆ ಮಾತ್ರ ಕೊಡಬೇಡಿ, ಪ್ರತಿ ಕೊಟ್ಟರೆ ಸಾಕು. ಬೇರೆಯವರು ಬರೆದ ಪತ್ರವಾದರೆ, ಕಾಗದ ನಿಮ್ಮದಾದರೂ ಅಚ್ಚು ಹಾಕಿಸುವ ಹಕ್ಕು ಬರೆದವರದ್ದು, ಅವರ ನಂತರ ಅವರ ಮನೆಯವರದ್ದು.

ಭಜನಾ ಮಂಡಳಿಯ ಪುಸ್ತಕ ನಿಮ್ಮ ಅಟ್ಟದಲ್ಲಿತ್ತು ನಿಜ, ಆದರೆ ಅದು ಊರಿನದ್ದು. ಈಗಿನ ಮಂಡಳಿಯವರನ್ನು ಕೇಳದೆ ಕೊಡಬೇಡಿ. ಒಂದು ಶನಿವಾರ ಭಜನೆ ಮುಗಿದ ಮೇಲೆ ತೆಗೆದುಕೊಂಡು ಹೋಗಿ ಎಲ್ಲರ ಎದುರು ತೆರೆಯಿರಿ. ಯಾರು ಎಷ್ಟು ತೆಂಗಿನಕಾಯಿ ಕೊಟ್ಟರು, ಪೆಟ್ರೋಮ್ಯಾಕ್ಸಿಗೆ ಎಷ್ಟು ಖರ್ಚಾಯಿತು ಅಂತ ಓದುತ್ತಾ ಹೋದರೆ, "ಅದು ನಮ್ಮ ಅಪ್ಪ" ಅನ್ನುವವರು ಅಲ್ಲೇ ಸಿಗುತ್ತಾರೆ. ಅದನ್ನೂ ಬರೆದುಕೊಳ್ಳಿ.

ಹಾಂ, ಬಸ್ ಟಿಕೆಟು ಇದ್ದರೆ ದಯವಿಟ್ಟು ಎಸೆಯಬೇಡಿ.