ಚಾರ್ಜರ್ ತೆಗೆದು ನೋಡಿದಿರಾ?

ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯವು. ಸೆನ್ಸರ್ ಇದೆ, ಅದನ್ನು ಲ್ಯಾಪ್‌ಟಾಪಿಗೆ ಸೇರಿಸುವ ಬೋರ್ಡ್ ಇದೆ, ಬರುವ ಅಂಕಿ ಮಾತ್ರ ನಂಬುವಂತಿಲ್ಲ. ಬರೆದವರಲ್ಲಿ ಬಹುಪಾಲು ಮಂದಿ ಬೋರ್ಡಿನ ಮೇಲೆ ಅನುಮಾನಪಟ್ಟಿದ್ದಾರೆ. ಲ್ಯಾಪ್‌ಟಾಪೂ ಆ ಸರ್ಕೀಟಿನ ಒಂದು ಭಾಗ ಎಂಬುದು ಯಾರಿಗೂ ಹೊಳೆದಂತಿಲ್ಲ.

ಪ್ರಶ್ನೆ: ಅಡಿಕೆ ಒಣಗಿಸಲು ತಗಡಿನ ಡ್ರೈಯರ್ ಮಾಡಿಸಿದ್ದೇನೆ. ಒಳಗಿನ ಬಿಸಿ ತಿಳಿಯಲು ಸ್ಟೀಲ್ ಕೊಳವೆಯ ಕೆ-ಟೈಪ್ ಥರ್ಮೋಕಪಲ್ (ಎರಡು ಲೋಹದ ತಂತಿ ಬೆಸೆದ ತಾಪದ ಸೆನ್ಸರ್) ಒಂದನ್ನು ತಗಡಿಗೆ ಬಿಗಿದು, ಅದರ ಸಂಕೇತವನ್ನು ಅಂಕಿಯಾಗಿಸುವ ಮ್ಯಾಕ್ಸ್ 31855 ಬೋರ್ಡ್ ಮತ್ತು ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೂಲಕ ಲ್ಯಾಪ್‌ಟಾಪಿಗೆ ಕೊಟ್ಟಿದ್ದೇನೆ. ಬ್ಯಾಟರಿಯಲ್ಲಿ ಓಡುವಾಗ ಎಲ್ಲ ಸರಿ. ಚಾರ್ಜರ್ ಹಾಕಿದ ಕೂಡಲೇ ಅಂಕಿ ಮಾಯವಾಗಿ ‘ನ್ಯಾನ್’ (ಸಂಖ್ಯೆಯಲ್ಲ) ಎಂದು ಬರುತ್ತದೆ. ಬೋರ್ಡ್ ಬದಲಾಯಿಸಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದೆ. ಮಾರಿದವರು ಲ್ಯಾಪ್‌ಟಾಪ್ ಹಳೆಯದಾಯಿತು ಎನ್ನುತ್ತಾರೆ. — ಶಿರಸಿಯ ಅಡಿಕೆ ಬೆಳೆಗಾರರು

ಉತ್ತರ: ‘ಚಾರ್ಜರ್ ಹಾಕಿದ ಕೂಡಲೇ’ ಎಂದು ಬರೆದಿರಲ್ಲ, ಅರ್ಧ ಉತ್ತರವನ್ನು ನೀವೇ ಕೊಟ್ಟಿದ್ದೀರಿ. ಡ್ರೈವರ್ ಕೆಟ್ಟಿದ್ದರೆ ಅದು ಬ್ಯಾಟರಿಯಲ್ಲೂ ಕೆಟ್ಟೇ ಇರುತ್ತಿತ್ತು. ಏನೇ ತೊಂದರೆ ಬಂದರೂ ಡ್ರೈವರ್ ಮತ್ತೆ ಹಾಕಿ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಆ ಸಲಹೆಗೆ ತಲೆ ಖರ್ಚಾಗುವುದಿಲ್ಲ, ಕೇಳಿದವರ ಒಂದು ಸಂಜೆ ಮಾತ್ರ ಖರ್ಚಾಗುತ್ತದೆ.

ಮಲ್ಟಿಮೀಟರನ್ನು ಓಮ್ಸ್‌ಗೆ ಇಡಿ. ಥರ್ಮೋಕಪಲನ್ನು ಬೋರ್ಡಿನಿಂದ ಬಿಚ್ಚಿ, ಮೀಟರಿನ ಒಂದು ಮೊನೆಯನ್ನು ಅದರ ಯಾವುದಾದರೂ ಒಂದು ತಂತಿಗೂ ಇನ್ನೊಂದನ್ನು ಸ್ಟೀಲ್ ಕೊಳವೆಗೂ ಮುಟ್ಟಿಸಿ. ಕೆಲವೇ ಓಮ್ಸ್ ತೋರಿಸಿದರೆ ಒಳಗಿನ ತಂತಿಗಳ ಬೆಸುಗೆ ಕೊಳವೆಯ ತುದಿಗೇ ಅಂಟಿದೆ ಎಂದರ್ಥ. ಅಂಥದ್ದು ಶಾಖವನ್ನು ಬೇಗ ಹಿಡಿಯುತ್ತದೆ, ಹಾಗಾಗಿ ಬಹಳ ಕಡೆ ಅದನ್ನೇ ಕೊಡುತ್ತಾರೆ. ನಿಮ್ಮದು ಹಾಗೆಯೇ ಇರಬೇಕು.

ಈಗ ದಾರಿ ನೋಡಿ. ಡ್ರೈಯರಿನ ಬ್ಲೋವರ್ ಮೋಟಾರಿಗೆ ಅರ್ಥಿಂಗ್ ಕೊಟ್ಟಿರುತ್ತೀರಿ, ಆದ್ದರಿಂದ ತಗಡಿಗೂ ಅರ್ಥ್ ಇದೆ. ಥರ್ಮೋಕಪಲಿನ ಕೊಳವೆ ತಗಡನ್ನು ಮುಟ್ಟುತ್ತದೆ, ಕೊಳವೆ ತಂತಿಯನ್ನು ಮುಟ್ಟುತ್ತದೆ. ಇತ್ತ ಲ್ಯಾಪ್‌ಟಾಪಿನ ಮೂರು ಪಿನ್ನಿನ ಚಾರ್ಜರ್ ಯುಎಸ್‌ಬಿಯ ಗ್ರೌಂಡನ್ನು, ಅಂದರೆ ಸೊನ್ನೆ ವೋಲ್ಟಿನ ತಂತಿಯನ್ನು, ಗೋಡೆಯ ಅರ್ಥ್‌ಗೆ ತಂದು ಸೇರಿಸುತ್ತದೆ. ಎರಡು ಕಡೆಯ ಅರ್ಥ್ ಒಂದೇ ಆದ್ದರಿಂದ ಥರ್ಮೋಕಪಲಿನ ತಂತಿ ಬೋರ್ಡಿನ ಗ್ರೌಂಡಿಗೆ ಶಾರ್ಟ್ ಆದಂತಾಯಿತು. ಮ್ಯಾಕ್ಸ್ 31855 ಚಿಪ್ ಇಂಥ ಶಾರ್ಟನ್ನು ಪತ್ತೆ ಹಚ್ಚಿ ದೋಷವಿದೆ ಎಂದು ಹೇಳುವಂತೆಯೇ ಮಾಡಿರುವುದು. ಊನೊದಲ್ಲಿ ಬಳಸುವ ಸಿದ್ಧ ಪ್ರೋಗ್ರಾಮ್, ಅಂದರೆ ಲೈಬ್ರರಿ, ಆ ಸೂಚನೆಯನ್ನು ಓದಿ ‘ನ್ಯಾನ್’ ಎಂದು ಬರೆಯುತ್ತದೆ. ಅಂದರೆ ನೀವು ಎಸೆದ ಬೋರ್ಡ್ ತನ್ನ ಕೆಲಸವನ್ನು ನೆಟ್ಟಗೆ ಮಾಡುತ್ತಿತ್ತು. ಬ್ಯಾಟರಿಯಲ್ಲಿ ಓಡುವಾಗ ಲ್ಯಾಪ್‌ಟಾಪಿಗೆ ಅರ್ಥ್‌ನ ಸಂಬಂಧವೇ ಇಲ್ಲ, ಹಾಗಾಗಿ ತಕರಾರೂ ಇಲ್ಲ.

ಪರಿಹಾರಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಥರ್ಮೋಕಪಲನ್ನೇ ಬದಲಾಯಿಸುವುದು. ಬೆಸುಗೆ ಕೊಳವೆಗೆ ತಾಗದ, ನಡುವೆ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿದ ಥರ್ಮೋಕಪಲ್ ಸಿಗುತ್ತದೆ. ಅಂಗಡಿಯಲ್ಲಿ ‘ಅನ್‌ಗ್ರೌಂಡೆಡ್’ ಎಂದು ಕೇಳಿ, ಮೀಟರ್ ಹಿಡಿದು ಪರೀಕ್ಷಿಸಿಯೇ ತೆಗೆದುಕೊಳ್ಳಿ. ಮುಂದೆ ಎರಡನೆಯ ಥರ್ಮೋಕಪಲ್ ಸೇರಿಸುವ ಯೋಚನೆ ಇದ್ದರಂತೂ ಇದು ಬೇಕೇ ಬೇಕು. ತಗಡಿಗೆ ತಾಗಿದ ಎರಡು ಕೂಡಿದರೆ ಬ್ಯಾಟರಿಯಲ್ಲೂ ಒಂದು ಇನ್ನೊಂದನ್ನು ಕೆಡಿಸುತ್ತದೆ. ಇನ್ನೊಂದು ದಾರಿ ಯುಎಸ್‌ಬಿ ಐಸೊಲೇಟರ್. ಲ್ಯಾಪ್‌ಟಾಪಿಗೂ ಬೋರ್ಡಿಗೂ ನಡುವೆ ಇದನ್ನು ಹಾಕಿದರೆ ಮಾಹಿತಿ ದಾಟುತ್ತದೆ, ಗ್ರೌಂಡ್ ದಾಟುವುದಿಲ್ಲ. ಎಡಿಯುಎಂ 4160 ಚಿಪ್ ಇರುವವು ಸೆಕೆಂಡಿಗೆ 12 ಮೆಗಾಬಿಟ್ ವೇಗದವರೆಗೆ ನಡೆಯುತ್ತವೆ. ಊನೊ ಬೋರ್ಡಿಗೆ ಅಷ್ಟು ಸಾಕು.

ಚಾರ್ಜರಿನ ಅರ್ಥ್ ಪಿನ್ನನ್ನು ಮುರಿಯುವ ಅಥವಾ ಅದಕ್ಕೆ ಟೇಪ್ ಸುತ್ತುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ. ಜೀವದ ಮಾತು ಒತ್ತಟ್ಟಿಗಿರಲಿ, ಅಳತೆಯೂ ಸುಧಾರಿಸುವುದಿಲ್ಲ. ಅರ್ಥ್ ಇಲ್ಲದ ಚಾರ್ಜರಿನಲ್ಲಿ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ 230 ವೋಲ್ಟಿನ ಅಂಶವೊಂದು ಲ್ಯಾಪ್‌ಟಾಪಿನ ಗ್ರೌಂಡಿಗೆ ಸೋರುತ್ತದೆ. ಲೋಹದ ಲ್ಯಾಪ್‌ಟಾಪನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುವುದು ಅದರಿಂದಲೇ. ಕೆ-ಟೈಪ್ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. ಅಷ್ಟು ಸಣ್ಣ ಸಂಕೇತದ ಪಕ್ಕದಲ್ಲಿ ಆ ಸೋರಿಕೆಯನ್ನು ಇಟ್ಟುಕೊಂಡು ಅಳೆಯಲು ಹೊರಟರೆ ಸಂತೆಯ ನಡುವೆ ಕಿವಿಮಾತು ಕೇಳಿಸಿಕೊಂಡಂತೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಊನೊ ಬೋರ್ಡ್ ಮತ್ತು ಎಲ್‌ಎಂ 35 ಸೆನ್ಸರಿನಿಂದ ಕೋಣೆಯ ತಾಪಮಾನ ಅಳೆಯುವ ಪ್ರಯೋಗವಿದೆ. ಅದೇ ಬೋರ್ಡ್, ಅದೇ ಸೆನ್ಸರ್. ಒಬ್ಬ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ 28 ಡಿಗ್ರಿ, ಪಕ್ಕದವನದರಲ್ಲಿ 30. ಯಾವುದನ್ನು ನಂಬಬೇಕು? — ಹಾಸನದ ಭೌತಶಾಸ್ತ್ರ ಉಪನ್ಯಾಸಕಿ

ಉತ್ತರ: ಮೇಡಂ, ಎರಡನ್ನೂ ನಂಬಬೇಡಿ. ಊನೊ ಬೋರ್ಡ್ ಅಳೆಯುವಾಗ ತನ್ನದೇ 5 ವೋಲ್ಟನ್ನು ಅಳತೆಗೋಲಾಗಿ ಬಳಸುತ್ತದೆ. ಆ 5 ವೋಲ್ಟ್ ಬರುವುದು ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ. ಒಂದು ಲ್ಯಾಪ್‌ಟಾಪ್ ಸರಿಯಾಗಿ 5 ಕೊಟ್ಟು, ಇನ್ನೊಂದು ಸಪೂರ ಕೇಬಲಿನ ತುದಿಯಲ್ಲಿ 4.7 ಕೊಟ್ಟರೆ ಅಳತೆಗೋಲೇ ಗಿಡ್ಡವಾಯಿತು. ಎಲ್‌ಎಂ 35 ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ, 28 ಡಿಗ್ರಿಗೆ 280. ಅಳತೆಗೋಲು 4.7 ಆಗಿದ್ದು ಪ್ರೋಗ್ರಾಮ್ ಅದನ್ನು 5 ಎಂದೇ ನಂಬಿದ್ದರೆ ಆ 280 ಮಿಲಿವೋಲ್ಟ್ ಸುಮಾರು 298 ಎಂದು ಓದಿಸಿಕೊಳ್ಳುತ್ತದೆ. ನಿಮ್ಮ 30 ಡಿಗ್ರಿ ಅಲ್ಲಿಂದ ಬಂದದ್ದು.

ಮೀಟರಿನಲ್ಲಿ ಬೋರ್ಡಿನ 5 ವೋಲ್ಟ್ ಪಿನ್ ಮತ್ತು ಗ್ರೌಂಡ್ ನಡುವೆ ಅಳೆದು ನೋಡಿ, ವಿದ್ಯಾರ್ಥಿಗಳಿಂದಲೇ ಅಳೆಯಿಸಿ. ಪಠ್ಯದ ಪ್ರಯೋಗಕ್ಕಿಂತ ಇದೇ ಒಳ್ಳೆಯ ಪ್ರಯೋಗ ಎಂಬುದು ನನ್ನ ಎಣಿಕೆ. ಆಮೇಲೆ ಪ್ರೋಗ್ರಾಮಿನಲ್ಲಿ ಚಿಪ್ಪಿನ ಒಳಗಿನ 1.1 ವೋಲ್ಟ್ ರೆಫರೆನ್ಸ್ ಬಳಸಿ. ಅದು ಯುಎಸ್‌ಬಿ ಏರಿಳಿದರೂ ಕದಲುವುದಿಲ್ಲ, 110 ಡಿಗ್ರಿಯವರೆಗೂ ಸಾಲುತ್ತದೆ. ಲಾಭವೂ ಉಂಟು: ಊನೊ ಅಳತೆಗೋಲನ್ನು 1024 ಮೆಟ್ಟಿಲಾಗಿ (10 ಬಿಟ್) ಒಡೆಯುತ್ತದೆ, 5 ವೋಲ್ಟಿನಲ್ಲಿ ಒಂದು ಮೆಟ್ಟಿಲೆಂದರೆ ಅರ್ಧ ಡಿಗ್ರಿ, 1.1 ವೋಲ್ಟಿನಲ್ಲಿ ಡಿಗ್ರಿಯ ಹತ್ತನೇ ಒಂದು ಭಾಗ. ಆದರೆ ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಈ 1.1 ಎಂಬುದು 1.0ರಿಂದ 1.2ರವರೆಗೆ ಎಲ್ಲಿಯಾದರೂ ಇರಬಹುದು. ಪ್ರತಿ ಬೋರ್ಡಿನ ನಿಜವಾದ ಬೆಲೆಯನ್ನು ಒಮ್ಮೆ ಅಳೆದು, ಚೀಟಿ ಬರೆದು ಬೋರ್ಡಿಗೇ ಅಂಟಿಸಿ.

ಪ್ರಶ್ನೆ: ಪ್ರಾಜೆಕ್ಟಿಗಾಗಿ ರಾತ್ರಿಯಿಡೀ ದತ್ತಾಂಶ ಸಂಗ್ರಹಿಸಬೇಕು. ಬೆಳಿಗ್ಗೆ ನೋಡಿದರೆ ಯಾವಾಗಲೋ ನಿಂತುಹೋಗಿರುತ್ತದೆ. ಕೆಲವೊಮ್ಮೆ ಬೋರ್ಡಿಗೆ ವಿಂಡೋಸ್ ಕೊಡುವ ಹೆಸರೇ ಬದಲಾಗಿ, ಕಾಮ್ 5 ಇದ್ದ ಪೋರ್ಟ್ ಕಾಮ್ 7 ಆಗಿರುತ್ತದೆ. — ಧಾರವಾಡದ ಪಾಲಿಟೆಕ್ನಿಕ್ ವಿದ್ಯಾರ್ಥಿ

ಉತ್ತರ: ನಿಂತ ಸಮಯವನ್ನು ನೀನು ಬರೆದೇ ಇಲ್ಲವಲ್ಲ ತಮ್ಮಾ, ಮೊದಲು ಬೇಕಾದದ್ದು ಅದು. ಫೈಲಿನ ಕೊನೆಯ ಸಾಲಿನ ಗಂಟೆ ನೋಡು. ದಿನವೂ ಶುರು ಮಾಡಿದ ಇಂತಿಷ್ಟು ಹೊತ್ತಿಗೇ ನಿಂತಿದ್ದರೆ ಲ್ಯಾಪ್‌ಟಾಪ್ ನಿದ್ದೆಗೆ ಜಾರಿದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್’ ಹೆಸರಿನಲ್ಲಿ 42ನೇ ಸಂಖ್ಯೆಯ ದಾಖಲೆ ಅದೇ ಹೊತ್ತಿಗೆ ಇದ್ದರೆ ಕಳ್ಳ ಸಿಕ್ಕ ಹಾಗೆಯೇ. ಸ್ಲೀಪ್ ನಿಲ್ಲಿಸು, ಮುಚ್ಚಳ ಮುಚ್ಚಿದಾಗ ಏನೂ ಮಾಡಬಾರದು ಎಂದು ಹೇಳು, ಪವರ್ ಆಯ್ಕೆಗಳಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಆಫ್ ಮಾಡು. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಕಾಣಿಸುವುದಿಲ್ಲ. ಆಗ ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್ ತೆರೆದು, ವಿದ್ಯುತ್ ಉಳಿಸಲು ಅದನ್ನು ಆಫ್ ಮಾಡಬಹುದು ಎಂಬ ಗುರುತನ್ನು ತೆಗೆ.

ಹೊತ್ತುಗೊತ್ತಿಲ್ಲದೆ ನಿಲ್ಲುತ್ತಿದ್ದರೆ ಅನುಮಾನ ಕೇಬಲಿನ ಮೇಲೆ. ಪಕ್ಕದ ಫ್ರಿಜ್ಜೋ ಪಂಪೋ ಶುರುವಾದಾಗ ಯುಎಸ್‌ಬಿ ಕಳಚಿ ಮತ್ತೆ ಸೇರಿಕೊಳ್ಳುವುದುಂಟು, ವಿಂಡೋಸ್ ಆಗ ‘ಟಣ್’ ಎನ್ನುತ್ತದೆ. ಆದ್ದರಿಂದ ಧ್ವನಿಯನ್ನು ಆಫ್ ಮಾಡಬೇಡ. ಗಿಡ್ಡ, ದಪ್ಪ ಕೇಬಲ್ ಹಾಕು. ಪೋರ್ಟಿನ ಸಂಖ್ಯೆ ಬದಲಾಗುವುದಕ್ಕೆ ಕಾರಣ ಬೇರೆ: ಯುಎಸ್‌ಬಿಗೆ ಸೇರಿಸಲು ಸಿಎಚ್ 340 ಚಿಪ್ ಇರುವ ಅಗ್ಗದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಸೀರಿಯಲ್ ಸಂಖ್ಯೆ ಇರುವುದಿಲ್ಲ, ವಿಂಡೋಸ್ ಅದನ್ನು ಯಾವ ತೂತಿನಲ್ಲಿ ಚುಚ್ಚಿದೆ ಎಂಬುದರಿಂದ ಗುರುತಿಸುತ್ತದೆ. ಎಂದಿಗೂ ಒಂದೇ ತೂತಿಗೆ ಚುಚ್ಚು. ವಿಂಡೋಸ್ ಬದಲು ಉಬುಂಟು 22.04 ಬಳಸುವ ಗೆಳೆಯರಿದ್ದರೆ ಅವರಿಗೂ ಹೇಳು: ಬ್ರೈಲ್ ಸಾಧನಗಳಿಗಾಗಿ ಇರುವ ‘ಬಿಆರ್‌ಎಲ್‌ಟಿಟಿವೈ’ ಎಂಬ ತಂತ್ರಾಂಶ ಈ ಸಿಎಚ್ 340 ಬೋರ್ಡನ್ನು ತನ್ನದೆಂದು ಹಿಡಿದುಕೊಳ್ಳುತ್ತದೆ, ಪೋರ್ಟ್ ಕಂಡ ಹಾಗೆ ಮಾಡಿ ಮಾಯವಾಗುತ್ತದೆ. ಬ್ರೈಲ್ ಬಳಸುವವರು ಮನೆಯಲ್ಲಿ ಇಲ್ಲದಿದ್ದರೆ ಅದನ್ನು ತೆಗೆದುಹಾಕಬಹುದು.

ನನ್ನನ್ನು ಕೇಳಿದರೆ ರಾತ್ರಿ ಪಾಳಿಗೆ ಲ್ಯಾಪ್‌ಟಾಪೇ ಬೇಡ. ಬೋರ್ಡಿಗೆ ಒಂದು ಎಸ್‌ಡಿ ಕಾರ್ಡ್, ಡಿಎಸ್ 3231 ಗಡಿಯಾರದ ಮಾಡ್ಯೂಲ್ ಸೇರಿಸು. ಆ ಗಡಿಯಾರ ವರ್ಷಕ್ಕೆ ಒಂದು ನಿಮಿಷದಷ್ಟು ಆಚೀಚೆ ಆಗಬಹುದು, ಅಷ್ಟೇ. ಬೆಳಿಗ್ಗೆ ಕಾರ್ಡ್ ತೆಗೆದು ಓದಿಕೊ.

ಪ್ರಶ್ನೆ: 1990ರ ದಶಕದ ಪಿಸಿಎಂಸಿಐಎ (ಲ್ಯಾಪ್‌ಟಾಪಿನ ಪಕ್ಕದ ಸ್ಲಾಟಿಗೆ ತೂರಿಸುವ) ದತ್ತಾಂಶ ಕಾರ್ಡ್ ಇದೆ, ಹಳೆಯ ಲ್ಯಾಪ್‌ಟಾಪ್ ಆಗಾಗ ಅದನ್ನು ಗುರುತಿಸುವುದಿಲ್ಲ. ಹೊಸ ಲ್ಯಾಪ್‌ಟಾಪಿಗೆ ಹಾಕಲು ಪರಿವರ್ತಕ ಸಿಗುತ್ತದೆಯೇ? — ಮಂಗಳೂರಿನ ನಿವೃತ್ತ ಎಂಜಿನಿಯರ್

ಉತ್ತರ: ಪರಿವರ್ತಕದ ಹಿಂದೆ ಹೋಗಬೇಡಿ ಸರ್. ಹೇಗೋ ಕಾರ್ಡನ್ನು ಜೋಡಿಸಿದರೂ ಆ ಕಾಲದ 32 ಬಿಟ್ ಡ್ರೈವರ್ ಇಂದಿನ 64 ಬಿಟ್ ವಿಂಡೋಸಿನಲ್ಲಿ ಏಳುವುದಿಲ್ಲ. ಹಳೆಯ ಲ್ಯಾಪ್‌ಟಾಪನ್ನೇ ಉಳಿಸಿಕೊಳ್ಳಿ. ಟಾರ್ಚ್ ಹಿಡಿದು ಸ್ಲಾಟಿನ ಒಳಗಿನ 68 ಪಿನ್ನುಗಳನ್ನು ನೋಡಿ, ಬಾಗಿದ ಒಂದಾದರೂ ಸಿಗುವ ಸಂಭವವಿದೆ. ಸೂಜಿಯಿಂದ ಮೆಲ್ಲಗೆ ನೆಟ್ಟಗೆ ಮಾಡಿ, ಕಾರ್ಡನ್ನು ಮತ್ತೆ ಮತ್ತೆ ತೆಗೆದು ಹಾಕುವುದನ್ನು ಬಿಡಿ. ಅದಕ್ಕೂ ಮೊದಲು ಹಾರ್ಡ್ ಡಿಸ್ಕ್ ಹೊರತೆಗೆದು, ಹಳೆಯ ಡಿಸ್ಕನ್ನು ಯುಎಸ್‌ಬಿಗೆ ಸೇರಿಸುವ 44 ಪಿನ್ನಿನ ಐಡಿಇ-ಯುಎಸ್‌ಬಿ ಕೇಬಲಿನಲ್ಲಿ ಪೂರ್ತಿ ನಕಲು ಮಾಡಿಟ್ಟುಕೊಳ್ಳಿ. ಕಾರ್ಡ್ ಕೆಟ್ಟರೆ ಇನ್ನೊಂದು ಹಳೆಯದು ಸಿಕ್ಕೀತು, ಆ ಡ್ರೈವರಿನ ಫ್ಲಾಪಿ ಸಿಗುವುದು ಕಷ್ಟ.