ಬಿಳಿ ಹಕ್ಕಿಗೆ ಕಪ್ಪು ಹೊಟ್ಟೆ ಎಲ್ಲಿಂದ ಬಂತು?

ಪ್ರಶ್ನೆ: ರಜೆ ಸಿಕ್ಕಾಗ ಹೊಸಕೋಟೆ ಕೆರೆಗೆ ಹಕ್ಕಿ ನೋಡಲು ಹೋಗುತ್ತೇನೆ. ಡಿಸೆಂಬರ್‌ನಲ್ಲಿ ನೀರಿನ ಮೇಲೆ ಪುಟ್ಟ ಬಿಳಿ ಹಕ್ಕಿಗಳು ಹಾರಾಡುತ್ತಿದ್ದವು, ಕೊಕ್ಕು ಕಪ್ಪಗಿತ್ತು. ಏಪ್ರಿಲ್ ಕೊನೆಗೆ ಹೋದಾಗ ಅದೇ ಜಾಗದಲ್ಲಿ ಕಪ್ಪು ಟೋಪಿ, ಕೆಂಪು ಕೊಕ್ಕು, ಮಸಿ ಬಳಿದಂಥ ಹೊಟ್ಟೆಯ ಹಕ್ಕಿಗಳಿದ್ದವು. ಜೊತೆಗಿದ್ದ ಗೆಳೆಯರು ‘ಇದು ಅಪರೂಪದ ಕಪ್ಪುಹೊಟ್ಟೆ ರೀವ’ ಅಂದರು (ರೀವ ಅಂದರೆ ಇಂಗ್ಲಿಷಿನ ಟರ್ನ್, ನೀರಿನ ಮೇಲೆ ಹಾರಾಡುತ್ತಾ ಮೇಯುವ ಹಕ್ಕಿ). ಹೌದಾ?

ಉತ್ತರ: ಇಲ್ಲ. ನೀವು ಎರಡು ಸಲವೂ ನೋಡಿದ್ದು ಒಂದೇ ಹಕ್ಕಿಯನ್ನು, ಮೀಸೆ ರೀವವನ್ನು. ಚಳಿಗಾಲಕ್ಕೆ ಬಿಳಿ ಅಂಗಿ, ಹೊರಡುವ ಹೊತ್ತಿಗೆ ಮದುವೆಯ ಉಡುಪು, ಅಷ್ಟೇ ವ್ಯತ್ಯಾಸ. ಮರಿ ಮಾಡಲು ಉತ್ತರಕ್ಕೆ ಹೋಗುವ ಮೊದಲೇ ಗರಿ ಬದಲಾಗತೊಡಗುತ್ತವೆ. ಮಾರ್ಚ್-ಏಪ್ರಿಲ್‌ನಲ್ಲಿ ಅರ್ಧ ಬಿಳಿ, ಅರ್ಧ ಬೂದಿ ಬಣ್ಣದ ತೇಪೆ ಹಾಕಿದಂಥ ಹಕ್ಕಿಗಳೂ ಸಿಗುತ್ತವೆ. ಇನ್ನೊಂದು ಸಲ ಹೋದಾಗ ಹುಡುಕಿ.

ನಿಮ್ಮ ಗೆಳೆಯರ ತಪ್ಪು ಸಹಜವಾದದ್ದೇ. ಆದರೆ ಕಪ್ಪುಹೊಟ್ಟೆ ರೀವ ಹೆಚ್ಚಾಗಿ ಹೊಳೆಯ ಮರಳು ದಿಬ್ಬಗಳ ಹಕ್ಕಿ. ಅದರ ಕೊಕ್ಕು ಕಿತ್ತಳೆ ಬಣ್ಣದ್ದು, ಬಾಲ ಉದ್ದವಾಗಿ ಕವಲೊಡೆದಿರುತ್ತದೆ. ಮೀಸೆ ರೀವದ ಬಾಲ ಗಿಡ್ಡ, ತುದಿಯಲ್ಲಿ ಒಂಚೂರು ಕಚ್ಚು, ಅಷ್ಟೇ. ಮೈ ಉದ್ದ ಸುಮಾರು 25 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಗೊರವಂಕದಷ್ಟು. ರೆಕ್ಕೆ ಉದ್ದವಿರುವುದರಿಂದ ಹಾರುವಾಗ ದೊಡ್ಡದಾಗಿ ಕಾಣುತ್ತದೆ. ಇನ್ನು ‘ಮೀಸೆ’ ಅಂದರೆ ಕಪ್ಪು ಟೋಪಿಗೂ ಬೂದು ಕತ್ತಿಗೂ ನಡುವೆ ಕೆನ್ನೆಯ ಮೇಲೆ ಎಳೆದ ಬಿಳಿ ಪಟ್ಟೆ. ಚಳಿಗಾಲದಲ್ಲಿ ಮೀಸೆಯೇ ಕಾಣದು!

ನನ್ನನ್ನು ಕೇಳಿದರೆ ಬಣ್ಣ ಆಮೇಲೆ ನೋಡಿ, ಮೊದಲು ಮೇಯುವ ರೀತಿ ನೋಡಿ. ಮೀಸೆ ರೀವ ಗಾಳಿಗೆ ಎದುರಾಗಿ, ಕೊಕ್ಕು ಕೆಳಗೆ ಮಾಡಿಕೊಂಡು ನಿಧಾನಕ್ಕೆ ಬರುತ್ತದೆ. ಜೊಂಡಿನ ಅಂಚಲ್ಲಿ ಏನೋ ಕಂಡರೆ ತಟ್ಟನೆ ಇಳಿದು, ನೀರಿನ ಮೇಲಿಂದ ಹುಳುವನ್ನೋ ಚಿಕ್ಕ ಮೀನನ್ನೋ ಎತ್ತಿಕೊಳ್ಳುತ್ತದೆ. ಹೊಟ್ಟೆ ಒದ್ದೆಯಾಗುವುದು ಅಪರೂಪ. ಕೆರೆಯ ತುದಿ ಮುಟ್ಟಿದ ಮೇಲೆ ತಿರುಗಿ ಬಂದು ಮತ್ತೆ ಅದೇ ದಾರಿ. ಹೊಲ ಉಳುವವರು ಸಾಲು ಹಿಡಿದ ಹಾಗೆ. ನಮ್ಮಲ್ಲಿ ಕಾಣುವ ಇನ್ನೊಂದು ಜಾತಿ ಹೊಳೆ ರೀವ ಹೀಗಲ್ಲ, ಮೇಲಿಂದ ಧುಮುಕಿ ನೀರೊಳಗೆ ನುಗ್ಗುತ್ತದೆ. ಅದರ ಹಳದಿ ಕೊಕ್ಕು ದೂರದಿಂದಲೇ ಗೊತ್ತಾಗುತ್ತದೆ.

ನಿಜವಾಗಿ ತಲೆ ಕೆಡಿಸುವುದು ಚಳಿಗಾಲದ ಬಿಳಿರೆಕ್ಕೆ ರೀವ. ಅದರ ಕಿವಿಯ ಹತ್ತಿರ ಹೆಡ್‌ಫೋನ್ ಹಾಕಿದಂತೆ ಕಪ್ಪು ಚುಕ್ಕೆ ಇಳಿದಿರುತ್ತದೆ, ಬಾಲದ ಬುಡ ಬೆನ್ನಿಗಿಂತ ಬಿಳಿ. ಮೀಸೆ ರೀವಕ್ಕೆ ಕಣ್ಣಿನ ಹಿಂದಿನಿಂದ ಕತ್ತಿನ ಹಿಂಭಾಗಕ್ಕೆ ಕಪ್ಪು ಪಟ್ಟಿ ಇದ್ದು, ಬೆನ್ನು, ಬಾಲದ ಬುಡ ಎರಡೂ ಒಂದೇ ಬೂದು. ದೂರದಲ್ಲಿ ಹಾರುತ್ತಿದ್ದರೆ ಸುಮ್ನೆ ಊಹೆ ಮಾಡಬೇಡಿ, ಬೆನ್ನು ಕಾಣುವಂತೆ ಒಂದು ಫೋಟೊ ತೆಗೆಯಿರಿ.

ಅಂದಹಾಗೆ, 1811ರಲ್ಲಿ ಮೀಸೆ ರೀವಕ್ಕೆ ವೈಜ್ಞಾನಿಕ ಹೆಸರಿಟ್ಟ ಪ್ರಾಣಿವಿಜ್ಞಾನಿ ಪಲ್ಲಾಸ್ ಕೂಡ ಗೊಂದಲಕ್ಕೆ ಬಿದ್ದಿದ್ದರು. ಬಿಳಿರೆಕ್ಕೆ ರೀವ ಮತ್ತು ಇನ್ನೊಂದು ರೀವದ ಮಿಶ್ರತಳಿ ಇರಬಹುದು ಎಂದುಕೊಂಡರು. ಅದಕ್ಕೇ ಇಂದಿಗೂ ಇದು ‘ಕ್ಲಿಡೋನಿಯಾಸ್ ಹೈಬ್ರಿಡಾ’. ಹಾಗಾಗಿ ನಿಮ್ಮ ಗೆಳೆಯರು ಬೇಜಾರು ಮಾಡಿಕೊಳ್ಳುವುದು ಬೇಡ.

ಪ್ರಶ್ನೆ: ಇಷ್ಟು ಸಿಂಗಾರ ಮಾಡಿಕೊಂಡ ಮೇಲೆ ಇಲ್ಲೇ ಗೂಡು ಕಟ್ಟಬಾರದಾ?

ಉತ್ತರ: ಅದರ ಗೂಡು ನೀರಿನ ಮೇಲೆ ತೇಲುವ ಎಲೆ, ಜೊಂಡಿನ ಮೇಲೆ. ನೀರು ಏರಿದರೆ ಗೂಡೂ ಏರಬೇಕು. ಕಾಶ್ಮೀರದ ಸರೋವರಗಳು, ಗಂಗೆಯ ಬಯಲಿನ ಜವುಗುಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಅಂಥ ಜಾಗ ಸಿಗುತ್ತದೆ. ಸಾಮಾನ್ಯವಾಗಿ ಎರಡು-ಮೂರು ಮೊಟ್ಟೆ. ನಮ್ಮ ಕಡೆ ಬೇಸಿಗೆಯಲ್ಲಿ ಬಹಳಷ್ಟು ಕೆರೆ ಬತ್ತುತ್ತವೆ, ಅಲ್ವಾ? ಹೊಳೆ ರೀವಕ್ಕೆ ಅದೇ ಅನುಕೂಲ. ಭದ್ರಾ ಹಿನ್ನೀರು ಇಳಿದಾಗ ಎದ್ದು ಕಾಣುವ ನಡುಗಡ್ಡೆಗಳ ಬರೀ ನೆಲದಲ್ಲೇ ಅವು ಗುಂಪಾಗಿ ಮೊಟ್ಟೆ ಇಡುತ್ತವೆ. ಮೀಸೆ ರೀವ ಮಾತ್ರ ಮೇ ತಿಂಗಳ ಹೊತ್ತಿಗೆ ಬಹುತೇಕ ಖಾಲಿ. ಮತ್ತೆ ನೋಡಬೇಕೆಂದರೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬೈನಾಕ್ಯುಲರ್ ಹಿಡಿದು ಬನ್ನಿ. ಆಗ ಬಂದಿಳಿಯುವವುಗಳಲ್ಲಿ ಬೆನ್ನ ಮೇಲೆ ಕಂದು ಮಚ್ಚೆ ಇದ್ದರೆ, ಅದು ಅದೇ ವರ್ಷ ಹುಟ್ಟಿದ ಮರಿ.